ಮನೆಗೆ ಭುಜ ಕಟ್ಟಿದ ಟೇಪಣ್ಣ

ಅಳತೆ ಎಂಬುದು ಬಹಳ ದೊಡ್ಡ ಮಾತು. ದೇವರೊಬ್ಬನನ್ನು ಬಿಟ್ಟರೆ ಮನುಷ್ಯನ ನಿಜವಾದ ಅಳತೆ ಗೊತ್ತಿರುವವನು ದರ್ಜಿ ಮಾತ್ರ. ದೇವರು ಹೇಳುವುದಿಲ್ಲ, ದರ್ಜಿ ಹೇಳಬಾರದು. ಈ ನಿಯಮವನ್ನು ಟೇಪಣ್ಣ ಕೆಲಸ ಕಲಿತ ದಿನದಿಂದ ಪಾಲಿಸಿಕೊಂಡು ಬಂದಿದ್ದ. ಬೀದಿಯಲ್ಲಿ ಯಾರ ಸೊಂಟ ಎಷ್ಟು, ಯಾರ ಒಂದು ಭುಜ ಇನ್ನೊಂದಕ್ಕಿಂತ ಇಳಿಜಾರು, ಅಳತೆ ಕೊಡುವಾಗ ಯಾರು ಉಸಿರು ಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳುತ್ತಾರೆ, ಎಲ್ಲವೂ ಅವನ ಮನಸ್ಸಿನಲ್ಲೇ ಉಳಿದಿತ್ತು. ಕೊರಳಲ್ಲಿ ಸದಾ ಟೇಪು ಜೋತಾಡುತ್ತಿದ್ದುದರಿಂದ ಹೆತ್ತವರು ಇಟ್ಟ ಹೆಸರನ್ನು ಬೀದಿ ಮರೆತಿತ್ತು. ಅವನೂ ಮರೆತಿದ್ದ ಎನ್ನುವವರುಂಟು.

ಇಂಥವನ ಮನೆಯನ್ನೇ ಅಳೆಯಲು ಒಂದು ದಿನ ಸೋಲಾರ್ ಕಂಪನಿಯ ಮೇಡಂ ಬಂದರು. ಕರೆಸಿದವನು ಮಗ. ಅವನು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ. ದಿನವೂ ಸಂಜೆ ಕರೆಂಟ್ ಹೋಗುತ್ತಿತ್ತು. ದಿನವೂ ಸಂಜೆ ಮಗ ಕತ್ತಲೆಯಲ್ಲಿ ಮೇಜಿನ ಕಾಲಿಗೆ ತನ್ನ ಕಾಲು ತಗುಲಿಸಿಕೊಂಡು, "ಮಾಳಿಗೆ ಮೇಲೆ ಪ್ಯಾನೆಲ್ ಹಾಕಿಸದೆ ಬಿಡಲ್ಲ" ಎನ್ನುತ್ತಿದ್ದ. ಕಡೆಗೊಮ್ಮೆ ಕಾಲು ಊದಿಕೊಂಡಿತು, ಮೇಡಂ ಬಂದರು.

ಮೇಡಂ ಚೀಲದಿಂದ ಅಂಗೈಯಗಲದ ಕೆಲವು ಬಿಳಿ ಪೆಟ್ಟಿಗೆಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇದನ್ನ ಗೋಡೆ ಪ್ಲಗ್ಗಿಗೆ ಸಿಕ್ಕಿಸಿ, ಇದರೊಳಗೆ ನಿಮ್ಮ ಫ್ರಿಜ್ ಪ್ಲಗ್ ಸಿಕ್ಕಿಸಿ. ಟಿವಿಗೊಂದು, ಗೀಸರಿಗೊಂದು, ಹೀಗೆ. ಯಾವುದು ಎಷ್ಟು ಕರೆಂಟ್ ತಿನ್ನುತ್ತೆ ಅಂತ ಅದೇ ಲೆಕ್ಕ ಇಟ್ಕೊಳ್ಳುತ್ತೆ. ಒಂದು ವಾರ ನೀವು ದಿನಾ ಹೇಗಿರ್ತೀರೋ ಹಾಗೇ ಇರಿ. ಜಾಸ್ತಿ ತಿನ್ನೋದನ್ನ ಕಡಿಮೆ ಮಾಡ್ಕೊಂಡ್ರೆ ಪ್ಯಾನೆಲ್, ಬ್ಯಾಟರಿ ಎಲ್ಲ ಚಿಕ್ಕದರಲ್ಲೇ ಮುಗಿಯುತ್ತೆ."

"ಜಾಸ್ತಿ ತಿನ್ನೋದು ಯಾವುದು ಅಂತ ಅಳೀಲೇಬೇಕಾ ಮೇಡಂ?" ಮಗ ನಕ್ಕ. "ಮುಂದಿನ ಕೋಣೇಲಿ ಕೂತಿದೆ. ಅಪ್ಪನ ಇಸ್ತ್ರಿ."

ಮೇಡಂ ಬಾಗಿಲಲ್ಲಿ ನಿಂತು ಕೋಣೆಯೊಳಗೆ ಇಣುಕಿದರು. ಹೊಲಿಗೆ ಯಂತ್ರ, ಉದ್ದನೆಯ ಮೇಜು, ಮೇಜಿನ ಮೇಲೆ ಸುಟ್ಟ ಕಲೆಗಳ ಕಂಬಳಿ, ಅದರ ಮೇಲೆ ಹಂಡೆಯಂಥ ಒಂದು ಹಳೆಯ ಇಸ್ತ್ರಿ. "ಇದನ್ನ ಸಾಕೋದು ಆನೆ ಸಾಕಿದ ಹಾಗೆ" ಎಂದರು.

"ಕೇಳ್ದೆಯಾ ಅಪ್ಪ? ಅಳತೆ ಬರಲಿ. ಅರ್ಧಕ್ಕಿಂತ ಜಾಸ್ತಿ ಇಸ್ತ್ರೀದೇ ಅಂತಾದ್ರೆ ಅಂಗಡಿ ಮುಚ್ಚಿಬಿಡೋಣ. ಈ ವಯಸ್ಸಲ್ಲಿ ನಿನಗ್ಯಾಕೆ ಈ ತಾಪತ್ರಯ? ಆ ಕೋಣೇಲಿ ಬ್ಯಾಟರಿ ಇಡಬಹುದು, ಗಾಳಿ ಚೆನ್ನಾಗಿ ಆಡುತ್ತೆ."

ಟೇಪಣ್ಣ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದ. ಅವನು ಮಾತಾಡುವ ಮುಂಚೆ ಹಾಗೆ ಮಾಡಿದನೆಂದರೆ ಮಾತು ಗಟ್ಟಿಯದೆಂದು ಮನೆಯವರಿಗೆ ಗೊತ್ತಿತ್ತು. "ಇಸ್ತ್ರಿ ಕಾಣದ ಬಟ್ಟೆ ಮುಖ ತೊಳೆಯದ ಮದುಮಗ ಇದ್ದ ಹಾಗೆ. ಬ್ಯಾಟರಿ ಬೇಕಾದ್ರೆ ನಿನ್ನ ಮಂಚದ ಕೆಳಗೆ ಇಟ್ಕೋ. ನಾನಿರೋ ತನಕ ಈ ಕೋಣೆ ಮುಚ್ಚಲ್ಲ."

ಹೆಂಡತಿ ಬದುಕಿದ್ದಾಗ ಆ ಕೋಣೆಯಲ್ಲಿ ಮೂರು ಕೆಲಸಗಳು ನಡೆಯುತ್ತಿದ್ದವು. ಅವಳು ಗುಂಡಿ ಹಚ್ಚುವುದು, ಇವನು ಇಸ್ತ್ರಿ ಹಾಕುವುದು, ಇಬ್ಬರೂ ಜಗಳವಾಡುವುದು. ಈಗ ಎರಡು ಉಳಿದಿದ್ದವು. ಗುಂಡಿಯನ್ನೂ ಇವನೇ ಹಚ್ಚುತ್ತಿದ್ದ. ಎರಡನ್ನೂ ಕಳೆದುಕೊಂಡು ಜಗಲಿಯ ಮೇಲೆ ಕುಳಿತು ಹೋಗಿಬರುವವರನ್ನು ಎಣಿಸುವ ಯೋಚನೆ ಅವನಿಗಿರಲಿಲ್ಲ.

ಮಗ, ಸೊಸೆ ಬೆಳಗ್ಗೆ ಹೊರಟುಹೋದರೆ ಮನೆಯಲ್ಲಿ ಉಳಿಯುವವರು ಟೇಪಣ್ಣ ಮತ್ತು ಅವನ ಅಕ್ಕ. ಅಕ್ಕನಿಗೆ ಮಂಡಿ ನೋವಿತ್ತು, ನಾಲಿಗೆಗೆ ಯಾವ ನೋವೂ ಇರಲಿಲ್ಲ. ಪೆಟ್ಟಿಗೆಗಳು ಗೋಡೆ ಏರಿದ ಮರುದಿನ ಟೇಪಣ್ಣ ಅಕ್ಕನ ಮುಂದೆ ತನ್ನ ಉಪಾಯವನ್ನು ಬಿಚ್ಚಿಟ್ಟ.

"ಅಕ್ಕ, ಹೊಟ್ಟೆ ದೊಡ್ಡದಿರೋನು ಕೋಟು ಹೊಲಿಸೋಕೆ ಬರ್ತಾನೆ ಅನ್ಕೋ. ಹೊಟ್ಟೆ ಸಣ್ಣದಾಗಿ ಕಾಣಬೇಕು ಅಂತಾನೆ. ನಾನೇನು ಮಾಡ್ತೀನಿ ಹೇಳು?"

"ಕಡಿಮೆ ತಿನ್ನಪ್ಪ ಅಂತೀಯ."

"ಹಾಗಂದ್ರೆ ಗಿರಾಕಿ ಉಳೀತಾನಾ? ಭುಜಕ್ಕೆ ಹತ್ತಿ ತುಂಬ್ತೀನಿ. ಭುಜ ಅಗಲ ಆದ್ರೆ ಹೊಟ್ಟೆ ತಾನಾಗೇ ಸಣ್ಣ ಕಾಣುತ್ತೆ. ಹೊಟ್ಟೆ ಮುಟ್ಟೋ ಹಾಗೇ ಇಲ್ಲ. ಈಗ ಈ ಮನೆಗೆ ಇಸ್ತ್ರಿ ಹೊಟ್ಟೆ. ಗೀಸರ್, ಫ್ರಿಜ್, ಟಿವಿ ಎಲ್ಲ ಭುಜ. ಒಂದು ವಾರ ಭುಜ ಕಟ್ಟಿದ್ರೆ ಆಯ್ತು."

ಅಕ್ಕ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಅದರ ಬದಲು ಒಂದು ವಾರ ಇಸ್ತ್ರಿ ಮುಟ್ಟದೆ ಕೂತ್ಕೋ. ಆ ಪೆಟ್ಟಿಗೆಗೇನು ಗೊತ್ತಾಗುತ್ತೆ?"

"ಅದು ಮೋಸ ಅಕ್ಕ."

"ಇದು?"

"ಇದು ಹೊಲಿಗೆ."

ಧರ್ಮ ಅಧರ್ಮಗಳ ನಡುವಿನ ಗೆರೆ ಕೂದಲಿಗಿಂತ ತೆಳ್ಳಗಿದೆ ಎಂದು ತಿಳಿದವರು ಹೇಳುತ್ತಾರೆ. ಟೇಪಣ್ಣನಿಗೆ ಮಾತ್ರ ಅದು ಸೀಮೆಸುಣ್ಣದಲ್ಲಿ ಎಳೆದಷ್ಟು ಸ್ಪಷ್ಟವಾಗಿ ಕಂಡಿತು.

ಅವತ್ತಿನಿಂದ ಮನೆಗೆ ಹತ್ತಿ ತುಂಬುವ ಕೆಲಸ ಶುರುವಾಯಿತು. ಮಗ ಸೊಸೆ ತಿರುವು ದಾಟಿದ್ದೇ ತಡ, ಟೇಪಣ್ಣ ಗೀಸರ್ ಹಾಕಿ ನಲ್ಲಿ ತಿರುಗಿಸುತ್ತಿದ್ದ. ಬಿಸಿನೀರು ಬಚ್ಚಲಿಂದ ಚರಂಡಿಗೆ ಹೋಗಿ ಬೀದಿಯ ಬೆಕ್ಕುಗಳಿಗೆ ಗಾಬರಿ ಹುಟ್ಟಿಸಿತು. ಬಟ್ಟೆ ಒಗೆಯುವ ಯಂತ್ರಕ್ಕೆ ತನ್ನದೊಂದು ಕರ್ಚೀಫು ಹಾಕಿ ಹಗಲೆಲ್ಲ ತಿರುಗಿಸಿದ. ಫ್ರಿಜ್ಜಿನ ಬಾಗಿಲಿಗೆ ಕತ್ತರಿಯನ್ನು ಅಡ್ಡ ಕೊಟ್ಟು ಅರೆ ತೆರೆದಿಟ್ಟ. ಅದು ಹೆರಿಗೆ ನೋವು ಬಂದಂತೆ ನರಳತೊಡಗಿತು.

"ಇಡೀ ಬೀದಿಗೆ ತಂಪು ಮಾಡ್ತೀಯೇನೋ?" ಅಕ್ಕ ಕೇಳಿದಳು. "ಹಾಲು ಒಡೆದಿದೆ ನೋಡು."

"ದೊಡ್ಡ ಕೆಲಸದಲ್ಲಿ ಸಣ್ಣಪುಟ್ಟದು ಒಡೆಯುತ್ತೆ."

ಮಿಕ್ಸಿಗೆ ಏನು ಹಾಕುವುದು ಎಂಬ ಪ್ರಶ್ನೆ ಬಂತು. ಖಾಲಿ ತಿರುಗಿಸಿದರೆ ಸುಟ್ಟುಹೋದೀತು. ಟೇಪಣ್ಣ ನೀರು ಹಾಕಿ ರುಬ್ಬಿದ. ರುಬ್ಬಿದ ನೀರನ್ನು ಚೆಲ್ಲಿ ಹೊಸ ನೀರು ಹಾಕಿದ. ನೀರು ಕಡೆದರೆ ಬೆಣ್ಣೆ ಬರದೆಂದು ಹಿರಿಯರು ಹೇಳಿದ್ದು ಸತ್ಯವೆಂದು ಅವನಿಗೆ ಆ ವಾರ ಪ್ರತ್ಯಕ್ಷವಾಗಿ ತಿಳಿಯಿತು.

ಟಿವಿಯ ಜವಾಬ್ದಾರಿಯನ್ನು ಅಕ್ಕನಿಗೆ ವಹಿಸಿದ್ದ. "ನೋಡೋದೇನೂ ಬೇಡ, ಉರೀತಾ ಇರ್ಲಿ" ಎಂದಿದ್ದ. ಮೊದಲ ದಿನ ಅಕ್ಕ ಅದಕ್ಕೆ ಬೆನ್ನು ಹಾಕಿ ಕುಳಿತಳು. ಎರಡನೆಯ ದಿನ ಓರೆಯಾಗಿ ಕುಳಿತಳು. ಮೂರನೆಯ ದಿನ ಟೇಪಣ್ಣ ಊಟಕ್ಕೆ ಕರೆದರೆ, "ಸುಮ್ನಿರೋ, ಆ ಹುಡುಗೀಗೆ ಅವಳ ಗಂಡ ಸತ್ತಿಲ್ಲ ಅಂತ ಈಗ ಗೊತ್ತಾಗುತ್ತೆ" ಎಂದಳು.

ಇದಿಷ್ಟೂ ಮನೆಯೊಳಗಿನ ಕಥೆ. ಆದರೆ ಎದುರುಮನೆಯಲ್ಲಿ ಒಬ್ಬ ನಿವೃತ್ತ ಗುಮಾಸ್ತರಿದ್ದರು. ಕಚೇರಿಯಲ್ಲಿ ಮೂವತ್ತು ವರ್ಷ ಕಿಟಕಿಯ ಪಕ್ಕ ಕುಳಿತು ಅಭ್ಯಾಸವಾಗಿ, ಮನೆಯಲ್ಲೂ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ. ಬೀದಿ ಅವರನ್ನು ಕಿಟಕಿ ಸಾಹೇಬರು ಎನ್ನುತ್ತಿತ್ತು. ಹಾಡಹಗಲು ಎದುರುಮನೆಯ ಎಲ್ಲ ದೀಪಗಳೂ ಉರಿಯುವುದನ್ನು ಕಂಡು ಅವರಿಗೆ ಮಧ್ಯಾಹ್ನದ ನಿದ್ದೆ ಹೋಯಿತು. ನೆಪಕ್ಕೊಂದು ಹಳೆಯ ಅಂಗಿ ಹಿಡಿದು ಬಂದರು.

"ಏನ್ ಟೇಪಣ್ಣ, ಮನೇಲಿ ಏನೋ ವಿಶೇಷ ಅಂತ ಕಾಣುತ್ತೆ?"

"ವಿಶೇಷ ಏನಿಲ್ಲ. ದಿನಾ ಇರೋ ಹಾಗೇ ಇದೀವಿ. ಹಾಗೇ ಇರ್ಬೇಕು ಅಂತ ಹೇಳಿದಾರೆ."

"ಯಾರು ಹೇಳಿದಾರೆ?"

ಟೇಪಣ್ಣನಿಗೆ ಮಗನ ಕಿವಿಗೆ ಬೀಳುವ ಭಯ. "ಮೇಲಿನವರು" ಎಂದುಬಿಟ್ಟ. ದೇವರನ್ನು ನೆನೆದೇ ಹೇಳಿದ್ದ, ಸುಳ್ಳಾಗಬಾರದೆಂದು.

ಕಿಟಕಿ ಸಾಹೇಬರು ಅಂಗಿ ಬಿಟ್ಟು ಹೊರಬಿದ್ದರು. ಸಂಜೆಯೊಳಗೆ ಬೀದಿಯ ಕಟ್ಟೆಯ ಮೇಲೆ ಸಭೆ ಸೇರಿತು.

"ಯೋಚನೆ ಮಾಡಿ" ಎಂದರು ಕಿಟಕಿ ಸಾಹೇಬರು. "ಮಿಕ್ಸಿ ಸದ್ದು ಇದೆ, ಅಡುಗೆ ವಾಸನೆ ಇಲ್ಲ. ಒಗೆಯೋ ಮೆಷಿನ್ ಓಡುತ್ತೆ, ಹಗ್ಗದ ಮೇಲೆ ಬಟ್ಟೆ ಇಲ್ಲ. ಬಚ್ಚಲಿಂದ ಹಬೆ ಬರುತ್ತೆ, ಸ್ನಾನ ಮಾಡಿದ ಮುಖ ಒಂದೂ ಕಾಣಲ್ಲ. ಕೇಳಿದ್ರೆ ಮೇಲಿನವರು ಹೇಳಿದಾರೆ ಅಂತಾನೆ. ಕಾಗದ ಅರೆಯೋದು, ತೊಳೆಯೋದು, ಕಾಯಿಸೋದು. ಕಡೇಗೆ ಇಸ್ತ್ರಿ ಹಾಕೋದು. ಇಸ್ತ್ರಿ ಹಾಕ್ದೆ ಹೊಸ ನೋಟಿಗೆ ಆ ಗರಿಗರಿ ಎಲ್ಲಿಂದ ಬರುತ್ತೆ ಹೇಳಿ?"

ಹಾಲಿನಂಗಡಿಯವನು ಟೇಪಣ್ಣ ಬೆಳಗ್ಗೆ ಕೊಟ್ಟ ನೋಟನ್ನು ಜೇಬಿನಿಂದ ತೆಗೆದು ಬೆಳಕಿಗೆ ಹಿಡಿದ. ಅದು ಮುದುರಿ ಮುದ್ದೆಯಾಗಿತ್ತು. "ಅದೇ ಕಣ್ರೀ ಬುದ್ಧಿವಂತಿಕೆ. ಅನುಮಾನ ಬರಬಾರದು ಅಂತ ಮುದುರಿ ಕೊಡ್ತಾನೆ" ಎಂದರು ಕಿಟಕಿ ಸಾಹೇಬರು.

ಪೊಲೀಸರಿಗೆ ಹೇಳಿದರೆ ಸಾಕ್ಷಿಗೆ ಓಡಾಡಬೇಕು. ಸಾಹೇಬರು ಹಾಗಾಗಿ ವಿದ್ಯುತ್ ಕಚೇರಿಗೆ ಹೋಗಿ, ಈ ಮನೆಯಲ್ಲಿ ಗುಪ್ತವಾಗಿ ಕಾರ್ಖಾನೆ ನಡೆಯುತ್ತಿದೆ ಎಂದು ದೂರು ಕೊಟ್ಟು ಬಂದರು. ನೋಟಿನ ಮಾತನ್ನು ಕಿವಿಯಲ್ಲಿ ಹೇಳಿದರು.

ವಾರ ಮುಗಿಯಿತು. ರಜೆಯ ದಿನ ಮನೆಯವರೆಲ್ಲ ನಡುಮನೆಯಲ್ಲಿ ಕೂತಿದ್ದಾಗ ಸೋಲಾರ್ ಮೇಡಂ ಸುರುಳಿ ಸುತ್ತಿದ ನಕ್ಷೆಯೊಂದಿಗೆ ಬಂದರು. ಅವರ ಮುಖ ಬಾಡಿತ್ತು.

"ನಿಮ್ಮ ಮಾಳಿಗೆ ಸಾಲಲ್ಲ" ಎಂದರು. "ನೀರಿನ ಟ್ಯಾಂಕ್ ತೆಗೆದ್ರೂ ಸಾಲಲ್ಲ. ಎದುರುಮನೆಯವರು ಒಪ್ಪಿದ್ರೆ ಅವರ ಮಾಳಿಗೇನೂ ಬೇಕಾಗುತ್ತೆ. ಇದು ನಾಲ್ಕು ಜನರ ಮನೆಯ ಅಳತೆ ಅಲ್ಲ, ಒಂದು ಸಣ್ಣ ಆಸ್ಪತ್ರೆ ಅಳತೆ."

ಮಗ ಕುರ್ಚಿಯ ತುದಿಗೆ ಬಂದ. "ಇಸ್ತ್ರಿ ಅಷ್ಟೊಂದು ತಿಂದಿದೆಯಾ?"

"ಇಸ್ತ್ರಿ ಪಾಪ, ಏನೂ ತಿಂದಿಲ್ಲ." ಮೇಡಂ ಒಂದು ಬಣ್ಣದ ಚಕ್ರ ತೋರಿಸಿದರು. ಅದರಲ್ಲಿ ಇಸ್ತ್ರಿಯ ಪಾಲು ಉಗುರು ಕತ್ತರಿಸಿ ಬಿಸಾಡಿದ ಚೂರಿನಂತಿತ್ತು. ಟೇಪಣ್ಣನ ಎದೆ ಉಬ್ಬಿತು. "ನೋಡ್ದೆಯೇನೋ? ಬಡಪಾಯಿ ಮೇಲೆ ಗೂಬೆ ಕೂರಿಸಿದ್ದೆ" ಎಂದ. ಕೆಲಸ ಕೈಗೂಡಿತೆಂದು ಎದ್ದು ತನ್ನ ಕೋಣೆಯ ಕಡೆ ಎರಡು ಹೆಜ್ಜೆಯನ್ನೂ ಇಟ್ಟ.

ಆದರೆ ಮಗ ಲೆಕ್ಕದ ಮನುಷ್ಯ. ಒಂದು ಕುತ್ತಿಗೆ ತಪ್ಪಿಸಿಕೊಂಡರೆ ಕತ್ತಿ ಇನ್ನೊಂದನ್ನು ಹುಡುಕುತ್ತದೆ. "ಗೀಸರ್ ಇಷ್ಟಾ? ಅತ್ತೆ, ನೀವು ಎಷ್ಟು ಹೊತ್ತು ಸ್ನಾನ ಮಾಡ್ತೀರಿ?"

"ನನ್ನ ಮೈಯಲ್ಲಿ ತೊಳೆಯೋಕೆ ಎಷ್ಟು ಉಳಿದಿದೆಯಪ್ಪ?" ಎಂದಳು ಅಕ್ಕ.

"ಅದೆಲ್ಲ ಗೊತ್ತಿಲ್ಲ. ಅಳತೆ ಹೇಳ್ತಿದೆ. ಇವತ್ತಿಂದ ಗೀಸರ್ ಬಂದ್. ಎಲ್ಲರಿಗೂ ತಣ್ಣೀರು. ಟಿವಿ ಬಂದ್. ಒಗೆಯೋ ಮೆಷಿನ್ ಮಾರಿಬಿಡೋಣ."

ಸೊಸೆ ಶಾಲೆಯಲ್ಲಿ ಪಾಠ ಹೇಳುವವಳು. ಉತ್ತರಪತ್ರಿಕೆ ತಿದ್ದುತ್ತಿದ್ದವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. "ಬಟ್ಟೆ ಯಾರು ಒಗೀತಾರೆ?"

"ಕೈಯಲ್ಲಿ ಒಗೆದ್ರಾಯ್ತು."

"ಯಾರ ಕೈಯಲ್ಲಿ?"

ಮಗ ಚಕ್ರವನ್ನು ನೋಡಿದ. "ಅಳತೆ ಹೇಳ್ತಿದೆ" ಎಂದ ಮತ್ತೆ.

"ಅಳತೆ ಹೇಳಿದ್ರೆ ಅಳತೇನೇ ಒಗೀಲಿ. ಇಲ್ಲ ನೀವು ಒಗೀರಿ."

ಅಕ್ಕ ಮಂಡಿಯ ಮೇಲೆ ಕೈಯಿಟ್ಟುಕೊಂಡು ತಮ್ಮನ ಕಡೆ ನೋಡಿದಳು, ಅಷ್ಟೆ. ಆ ಮಂಡಿಗೆ ಬೆಳಗಿನ ಬಿಸಿನೀರು ಬೀಳದಿದ್ದರೆ ಅವಳು ಮಧ್ಯಾಹ್ನದವರೆಗೆ ಗೋಡೆ ಹಿಡಿದು ನಡೆಯಬೇಕು. ಟೇಪಣ್ಣ ಇಟ್ಟ ಎರಡು ಹೆಜ್ಜೆ ಅಲ್ಲೇ ನಿಂತವು.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ವಿದ್ಯುತ್ ಕಚೇರಿಯ ಅಧಿಕಾರಿ ಒಳಗೆ ಬಂದರು. ದಪ್ಪ ಮೈ, ಕಪ್ಪು ಕೋಟು, ಎರಡು ಬಾಗಿಲಷ್ಟು ಅಗಲದ ಭುಜ. ಅವರ ಬೆನ್ನಿಗೆ ಕಿಟಕಿ ಸಾಹೇಬರು. ಅವರ ಬೆನ್ನಿಗೆ ಹಾಲಿನಂಗಡಿಯವನಿಂದ ಹಿಡಿದು ಬೀದಿಯ ಬಹುಪಾಲು.

"ಕಾರ್ಖಾನೆ ಎಲ್ಲಿ?" ಎಂದರು ಅಧಿಕಾರಿ.

"ಯಾವ ಕಾರ್ಖಾನೆ ಸಾರ್?" ಮಗ ಎದ್ದು ನಿಂತ.

"ಅದನ್ನ ನಾವು ಹುಡುಕ್ತೀವಿ. ಹೊಲಿಗೆ ಅಂಗಡಿಗೆ ಅನುಮತಿ ಇದೆ, ಗೊತ್ತು. ಈ ವಾರ ನಿಮ್ಮ ಮೀಟರ್ ಓಡಿದ್ದು ಹೊಲಿಗೆಗಲ್ಲ." ಅಧಿಕಾರಿ ಮಿಕ್ಸಿಯ ಮುಚ್ಚಳ ತೆಗೆದು ಮೂಸಿದರು. ನೀರು. ಬೆರಳದ್ದಿ ನಾಲಿಗೆಗೆ ಇಟ್ಟರು. ನೀರೇ. ಅವರ ಹುಬ್ಬು ಗಂಟಿಕ್ಕಿತು, ಇಂಥ ಪಾಕವನ್ನು ಅವರು ಕಂಡಿರಲಿಲ್ಲ. ಬಟ್ಟೆ ಒಗೆಯುವ ಯಂತ್ರಕ್ಕೆ ಕೈಹಾಕಿ ಒಂದು ವಸ್ತುವನ್ನು ಎರಡು ಬೆರಳಿನಲ್ಲಿ ಎತ್ತಿದರು. ವಾರವೆಲ್ಲ ತಿರುಗಿ ತಿರುಗಿ ಜೇಡರ ಬಲೆಯಂತಾಗಿದ್ದ ಕರ್ಚೀಫು.

"ನೋಟು ಒರೆಸೋ ಬಟ್ಟೆ" ಎಂದು ಕಿಟಕಿ ಸಾಹೇಬರು ಪಿಸುಗುಟ್ಟಿದರು.

"ಯಾರದು ಇದು?"

"ಅಪ್ಪಂದು" ಎಂದ ಮಗ, ಅಪ್ಪನ ಕಡೆ ತಿರುಗಿ. ಅಧಿಕಾರಿ ತಿರುಗಿದರು. ಬೀದಿ ತಿರುಗಿತು.

ಟೇಪಣ್ಣ ಬಾಯಿಯೊಳಗಿನ ಗುಂಡುಸೂಜಿಗಳನ್ನು ತೆಗೆಯಲು ಕೈ ಎತ್ತಿದ. ಅವತ್ತು ರಜೆ, ಬಾಯಲ್ಲಿ ಸೂಜಿಗಳಿರಲಿಲ್ಲ. ತಡಮಾಡಲು ಬೇರೆ ದಾರಿಯೂ ಇರಲಿಲ್ಲ.

"ನಂದೇ" ಎಂದ. "ಗೀಸರ್ ಹಾಕಿದ್ದು ನಾನು. ಹಗಲು ದೀಪ ಉರಿಸಿದ್ದು ನಾನು. ನೀರು ರುಬ್ಬಿದ್ದೂ ನಾನೇ. ಅಕ್ಕ ಸ್ನಾನ ಮಾಡೋದು ಎರಡು ಚೊಂಬಿನಲ್ಲಿ. ಸೊಸೆ ಮೆಷಿನ್ ಮುಟ್ಟೋದು ವಾರಕ್ಕೆರಡು ಸಲ. ಅವರ ತಂಟೆಗೆ ಯಾರೂ ಹೋಗಬೇಡಿ."

"ಯಾಕ್ರೀ ಮಾಡಿದ್ರಿ?" ಅಧಿಕಾರಿಯ ಧ್ವನಿಯಲ್ಲಿ ನಿಜವಾದ ಕುತೂಹಲವಿತ್ತು.

"ಇಸ್ತ್ರಿ ಸಣ್ಣದಾಗಿ ಕಾಣಲಿ ಅಂತ. ಹೊಟ್ಟೆ ಇರೋರಿಗೆ ಭುಜಕ್ಕೆ ಹತ್ತಿ ತುಂಬಿ ಕೊಡಲ್ವಾ, ಹಾಗೆ. ಎಷ್ಟೋ ದೊಡ್ಡ ಮನುಷ್ಯರಿಗೆ ಮಾಡಿಕೊಟ್ಟಿದ್ದೀನಿ. ಯಾರಿಗೆ ಅಂತ ಹೇಳಲ್ಲ, ಅದು ನಮ್ಮ ಕಸುಬಿನ ನಿಯಮ."

ನಿಯಮ ಪಾಲನೆಯಾಯಿತು. ಆದರೆ ಇಡೀ ಬೀದಿಯ ಕಣ್ಣು ಅಧಿಕಾರಿಯ ಭುಜಗಳ ಮೇಲೆ ಹೋಗಿ ಕುಳಿತಿತು. ಆ ಕೋಟು ಟೇಪಣ್ಣ ಹೊಲಿದದ್ದು. ಅಧಿಕಾರಿ ನಿಧಾನವಾಗಿ ಕೈಯೆತ್ತಿ ತಮ್ಮ ಎಡಭುಜವನ್ನು ಚಿವುಟಿ ನೋಡಿದರು. ನೋವಾಗಲಿಲ್ಲ. ಇಷ್ಟು ವರ್ಷ ಅವರು ಅದನ್ನು ತಮ್ಮದೆಂದೇ ನಂಬಿದ್ದರು.

"ಕರೆಂಟ್ ಕದ್ದರೆ ಕೇಸಿದೆ" ಎಂದರು ಬಾಗಿಲ ಕಡೆ ನಡೆಯುತ್ತ. "ನೀರು ರುಬ್ಬಿದರೆ ಕೇಸಿಲ್ಲ. ಬಿಲ್ ಬರುತ್ತೆ, ಅದೇ ನಿಮಗೆ ಶಿಕ್ಷೆ." ಕಿಟಕಿ ಸಾಹೇಬರ ಕಡೆ ಅವರು ನೋಡಿದ ನೋಟಕ್ಕೆ ಸಾಹೇಬರು ಬೀದಿಯ ಹಿಂದೆ ಅಡಗಿದರು. ಬೀದಿ ನಿರಾಸೆಯಿಂದ ಕರಗಿತು.

ನಡುಮನೆಯಲ್ಲಿ ಮಗ ಉಳಿದ. "ಅಂದ್ರೆ ಅಪ್ಪ, ಸರಿಯಾಗಿ ಅಳೆದ್ರೆ ಇಸ್ತ್ರಿನೇ ಎಲ್ಲದಕ್ಕಿಂತ ದೊಡ್ಡದು."

"ದೊಡ್ಡದೇ" ಎಂದ ಟೇಪಣ್ಣ. ಕೊರಳಿನ ಟೇಪನ್ನು ತೆಗೆದು ಮೇಡಂ ಮುಂದಿಟ್ಟ. "ಅದನ್ನ ಮುಚ್ಚಿಡೋಕೆ ಹೋಗಿದ್ದು ನನ್ನ ತಪ್ಪು. ಕಸುಬಿನೋನು ನಾನು, ಅಳತೆ ಕೆಡಿಸಬಾರದಿತ್ತು. ಈಗ ಮುಚ್ಚಲ್ಲ, ಅಳೀರಿ. ಆದ್ರೆ ಒಂದು ಮಾತು ಕೇಳು ಮಗನೇ. ನನ್ನ ಮುಂದೆ ಎಂಥೆಂಥ ಹೊಟ್ಟೆಗಳು ಬಂದು ನಿಂತಿದಾವೆ. ಬಟ್ಟೆ ಸಾಲದಿದ್ರೆ ಇನ್ನೊಂದು ತುಂಡು ಬಟ್ಟೆ ತಾ ಅಂದಿದೀನಿ. ಹೊಟ್ಟೆ ಕತ್ತರಿಸ್ಕೊಂಡು ಬಾ ಅಂತ ಯಾವನಿಗೂ ಅಂದಿಲ್ಲ. ಮೈಗೆ ತಕ್ಕ ಹಾಗೆ ಅಂಗಿ ಹೊಲೀಬೇಕು. ಅಂಗಿಗೆ ತಕ್ಕ ಹಾಗೆ ಮೈ ಕೆತ್ತೋಕೆ ನಾನು ಬಿಡಲ್ಲ. ಅಂಗಡಿ ಮುಚ್ಚಲ್ಲ."

ಮಗ ಹೆಂಡತಿಯ ಕಡೆ ನೋಡಿದ. ಅವಳು ಕೆಂಪು ಪೆನ್ನು ಹಿಡಿದುಕೊಂಡೇ, "ಮಾವ ಹೇಳಿದ್ದು ಸರಿ" ಎಂದಳು. ಒಗೆಯುವ ಯಂತ್ರ ಉಳಿದ ಸಂತೋಷದಲ್ಲಿ ಅವಳು ಅವತ್ತು ಯಾರಿಗೆ ಬೇಕಾದರೂ ಪೂರ್ತಿ ಅಂಕ ಕೊಡುತ್ತಿದ್ದಳು.

ಮೇಡಂ ನಕ್ಷೆ ಸುತ್ತುತ್ತಿದ್ದವರು ನಿಂತರು. "ನೀವು ಇಸ್ತ್ರಿ ಹಾಕೋದು ಯಾವಾಗ?"

"ಸಂಜೆ. ಹಗಲೆಲ್ಲ ಹೊಲಿಗೆ, ಸಂಜೆ ಇಸ್ತ್ರಿ. ಕರೆಂಟ್ ಹೋದ್ರೆ ಬರೋ ತನಕ ಕಾಯ್ತೀನಿ."

"ಅಯ್ಯೋ, ಇದನ್ನ ಮೊದಲೇ ಕೇಳಬೇಕಿತ್ತು ನಾನು. ಸಂಜೆ ಹಾಕಿದ್ರೆ ಬ್ಯಾಟರಿಯಿಂದ ಬರ್ಬೇಕು, ಅದಕ್ಕೆ ದೊಡ್ಡ ಬ್ಯಾಟರಿ ಬೇಕು. ಮಧ್ಯಾಹ್ನ ಬಿಸಿಲಲ್ಲಿ ಹಾಕಿದ್ರೆ ಬ್ಯಾಟರಿ ಮುಟ್ಟೋದೇ ಬೇಡ. ಬಿಸಿಲು ಪ್ಯಾನೆಲ್ಲಿಗೆ ಬೀಳುತ್ತೆ, ಅಲ್ಲಿಂದ ನೇರ ಇಸ್ತ್ರಿಗೆ ಬರುತ್ತೆ. ಎರಡು ಪ್ಯಾನೆಲ್ ಜಾಸ್ತಿ ಹಾಕಿದ್ರೆ ಸಾಕು, ಜಾಗ ಇದೆ."

ಇಷ್ಟು ದಿನ ಎಲ್ಲರೂ ಎಷ್ಟು ಎಷ್ಟು ಎಂದು ಬಡಿದಾಡಿದ್ದರು. ಯಾವಾಗ ಎಂದು ಕೇಳಲು ಒಬ್ಬರಿಗೂ ತೋಚಿರಲಿಲ್ಲ.

"ಹಾಗಾದ್ರೆ ಒಪ್ಪಂದ" ಎಂದ ಮಗ. "ಬಿಸಿಲಿದ್ದಾಗ ಮಾತ್ರ ಇಸ್ತ್ರಿ. ಅಂಗಡಿ ನಿನ್ನದು."

"ಮಾತು ಕೊಟ್ಟೆ. ಬಿಸಿಲಿದ್ದಾಗ ಮಾತ್ರ."

"ಟಿವಿ?" ಎಂದಳು ಅಕ್ಕ ಗೋಡೆಯ ಕಡೆ ನೋಡುತ್ತ. "ಆ ಹುಡುಗಿ ಗಂಡ ಇನ್ನೂ ಮನೆಗೆ ಬಂದಿಲ್ಲ."

ಮತ್ತೊಂದು ವಾರ ಅಳತೆಯಾಯಿತು. ಈ ಸಲ ಮನೆ ಹೇಗಿತ್ತೋ ಹಾಗೇ ಇತ್ತು. ಇಸ್ತ್ರಿ ಎಲ್ಲರಿಗಿಂತ ಮುಂದೆ ಎದೆಯುಬ್ಬಿಸಿ ನಿಂತಿತ್ತು. ಮಾಳಿಗೆಯ ಮೇಲೆ ಪ್ಯಾನೆಲ್ಲುಗಳು ಬಂದವು. ಸಂಜೆ ಬೀದಿಯೆಲ್ಲ ಕತ್ತಲಾದಾಗ ಟೇಪಣ್ಣನ ಮನೆಯಲ್ಲಿ ದೀಪ ಉರಿಯತೊಡಗಿತು. ಮಗನ ಕಾಲೂ ಮೇಜಿನ ಕಾಲೂ ಬೇರೆ ಬೇರೆ ಬಾಳುವೆ ನಡೆಸಿದವು. ನಡು ಮಧ್ಯಾಹ್ನ ಟೇಪಣ್ಣ ಬನಿಯನ್ನಿನಲ್ಲಿ ಬೆವರುತ್ತ ಇಸ್ತ್ರಿ ತಳ್ಳುವುದು ಬೀದಿಗೆ ನಿತ್ಯದ ನೋಟವಾಯಿತು.

ಕೆಲವು ವಾರಗಳ ಮೇಲೆ ಒಂದು ದಿನ ಬೆಳಗಿನಿಂದ ಆಕಾಶ ಮುಸುಕು ಹಾಕಿಕೊಂಡ ಹಾಗಿತ್ತು. ಟೇಪಣ್ಣ ಇಸ್ತ್ರಿಯ ಪ್ಲಗ್ ಕಿತ್ತು ಪಕ್ಕಕ್ಕಿಟ್ಟು ಕುಳಿತಿದ್ದ. "ಮಾವ, ಲೈನ್ ಕರೆಂಟ್ ಇದೆಯಲ್ಲ, ಇವತ್ತೊಂದಿನ ಅದರಲ್ಲೇ ಹಾಕಿ" ಎಂದು ಸೊಸೆ ಹೇಳಿ ಹೋಗಿದ್ದಳು. ಮಗನೂ ಕಚೇರಿಯಿಂದ ಫೋನ್ ಮಾಡಿ ಅದನ್ನೇ ಹೇಳಿದ್ದ. ಟೇಪಣ್ಣ ಇಬ್ಬರಿಗೂ ಹೂಂ ಅನ್ನಲಿಲ್ಲ.

ಆಗ ಕಿಟಕಿ ಸಾಹೇಬರು ಪ್ಯಾಂಟೊಂದನ್ನು ಮಡಚಿ ಹಿಡಿದು ಬಂದರು. ದೂರಿನ ಪ್ರಕರಣವಾದ ಮೇಲೆ ಅವರು ಈ ಹೊಸ್ತಿಲು ತುಳಿದದ್ದು ಅದೇ ಮೊದಲು.

"ಟೇಪಣ್ಣ, ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಿ. ಸಂಜೆ ನಂದೊಂದು ಸಭೆ ಇದೆ, ಅಧ್ಯಕ್ಷತೆ ನಂದೇ. ಇದಕ್ಕೊಂದು ಗೆರೆ ಎಳೆದುಕೊಡಿ."

"ಇವತ್ತಾಗಲ್ಲ. ಮೋಡ ಇದೆ."

"ಲೈನ್ ಇದೆಯಲ್ರೀ. ನಿಮ್ಮ ಫ್ಯಾನ್ ತಿರುಗ್ತಿದೆ, ಕಿಟಕಿಯಿಂದ ನೋಡ್ಕೊಂಡೇ ಬಂದೆ."

"ಫ್ಯಾನಿಗೆ ಇದೆ. ಇಸ್ತ್ರಿಗೆ ಇಲ್ಲ. ಮಾತು ಕೊಟ್ಟಿದ್ದೀನಿ."

"ಯಾರೂ ನೋಡಲ್ಲ ಬಿಡಿ."

"ಈ ಬೀದೀಲಿ?" ಎಂದ ಟೇಪಣ್ಣ.

ಕಿಟಕಿ ಸಾಹೇಬರು ಪ್ಯಾಂಟನ್ನು ಮೇಜಿನ ಮೇಲಿಟ್ಟು, ಮತ್ತೆ ಕೈಗೆತ್ತಿಕೊಂಡು, ಕಡೆಯ ಅಸ್ತ್ರ ತೆಗೆದರು. "ಗಿರಾಕಿ ಅಂದ್ರೆ ದೇವರು ಅಂತಾರೆ. ದೇವರನ್ನ ಹೀಗೆ ಬರಿಗೈಯಲ್ಲಿ ವಾಪಸ್ ಕಳಿಸ್ತಾರೇನ್ರೀ ಯಾರಾದ್ರೂ?"

ಟೇಪಣ್ಣ ಎದ್ದು ಬಾಗಿಲಿಗೆ ಬಂದು ಆಕಾಶವನ್ನು ಒಮ್ಮೆ ಅಂಚಿನಿಂದ ಅಂಚಿಗೆ ನೋಡಿದ.

"ಮೇಲಿರೋ ದೇವರೇ ಇವತ್ತು ಕೆಲಸಕ್ಕೆ ಬಂದಿಲ್ಲ" ಎಂದ. "ನೀವು ನಾಳೆ ಬನ್ನಿ."